ಬಾಯಿ ಮುಚ್ಚಿಕೊಂಡು ಕೂತ ಅರ್ಧ ಗಂಟೆ

(ಬಸಿರು, ಬಾಣಂತನ ಮತ್ತು ಹಸುಗೂಸಿನ ಆರೋಗ್ಯದಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್‌ಗಳ ಕೆಲಸದ ಬಗ್ಗೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ಗಂಟೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಸ್ವಲ್ಪ ಭಯ ಆಗುತ್ತಿದೆ. ಸಭೆಯ ಭಯ ಅಲ್ಲ. ಜಾಸ್ತಿ ಮಾತಾಡಿ ಕೆಲಸ ಕೆಡಿಸಿದವಳು ನಾನು. ಆ ಕತೆಯಿಂದಲೇ ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆಗಳಿಗೆ ಹೋಗಿ ಬಾಣಂತಿಯನ್ನೂ ಕೂಸನ್ನೂ ನೋಡಿ ಬರುವ ಕೆಲಸ. ಆ ಮನೆಯ ಮಗುವಿಗೆ ಮೂರು ದಿನ. ಚೊಚ್ಚಲ ಹೆರಿಗೆ. ನಾನು ಆಗಷ್ಟೇ ಓದಿ ಬಂದವಳು, ತಲೆ ತುಂಬ ಪಾಠ. ಎದೆಹಾಲು ಯಾಕೆ ಮುಖ್ಯ, ಕೈ ಹೇಗೆ ತೊಳೆಯಬೇಕು, ಹೊಕ್ಕುಳನ್ನು ಹೇಗೆ ಒಣಗಿಸಿ ಇಡಬೇಕು, ಲಸಿಕೆ ಯಾವಾಗ, ಒಂದೂ ಬಿಡದೆ ಹೇಳಿದೆ. 40 ನಿಮಿಷ. ಆ ಹುಡುಗಿ ಎಲ್ಲದಕ್ಕೂ ತಲೆ ಆಡಿಸಿದಳು. ಮಗು ಪಕ್ಕದಲ್ಲಿ ಮಲಗಿತ್ತು. "ಹಾಲು ಕುಡಿಯುತ್ತಾ?" ಅಂದೆ. "ಕುಡಿಯುತ್ತೆ, ಮಲಗುತ್ತೆ. ತುಂಬಾ ಸಾಧು, ಅಳೋದೇ ಇಲ್ಲ" ಅಂದಳು. ಖುಷಿಯಾಗಿ ಎದ್ದು ಬಂದೆ.

ಎರಡು ದಿನ ಬಿಟ್ಟು ಆ ಮಗು ಆಸ್ಪತ್ರೆ ಸೇರಿತು. ಹುಟ್ಟಿದಾಗ ಇದ್ದ ತೂಕದಲ್ಲಿ ಶೇಕಡಾ 14ರಷ್ಟು ಇಳಿದಿತ್ತು. ಮೈ ಹಳದಿ, ಬಾಯಿ ಒಣಗಿತ್ತು. ಅದು ಸಾಧುವೂ ಅಲ್ಲ ಏನೂ ಅಲ್ಲ. ಅಳುವುದಕ್ಕೆ ಅದರಲ್ಲಿ ತ್ರಾಣವೇ ಇರಲಿಲ್ಲ. ಪುಣ್ಯಕ್ಕೆ ನಾಲ್ಕು ದಿನದಲ್ಲಿ ಚೇತರಿಸಿಕೊಂಡಿತು. ನಾನು ಮಾತ್ರ ಚೇತರಿಸಿಕೊಳ್ಳಲಿಲ್ಲ. 40 ನಿಮಿಷ ಆ ಮನೆಯಲ್ಲಿದ್ದೆ. ಎದೆಹಾಲಿನ ಬಗ್ಗೆ ಅಷ್ಟೆಲ್ಲ ಹೇಳಿದೆ. ಮಗು ಹಾಲು ಕುಡಿಯುವುದನ್ನು ಒಂದು ಸಲವೂ ನೋಡಲಿಲ್ಲ. ತೂಕದ ಯಂತ್ರ ಬ್ಯಾಗಿನಲ್ಲೇ ಇತ್ತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹೊಸ ಮಗು ಇರುವ ಮನೆಗೆ ಹೋದರೆ ಮೊದಲ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದು. ಕೇಳುವುದು, ನೋಡುವುದು, ಎಣಿಸುವುದು. ಹೇಳುವುದೇನಿದ್ದರೂ ಆಮೇಲೆ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ನಮ್ಮ ಈ ಕೆಲಸ ಹುಟ್ಟಿದ್ದೇ ಜನರ ಮನೆಗಳಲ್ಲಿ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಲಿಯಂ ರಾಥ್‌ಬೋನ್ ಎಂಬ ವ್ಯಾಪಾರಿ ಇದ್ದರು. ಹೆಂಡತಿ ತೀರಿಹೋಗಿದ್ದರು. ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡಿದ್ದ ನರ್ಸ್ ಮೇರಿ ರಾಬಿನ್ಸನ್. ಮೂರು ತಿಂಗಳು ಬಡವರ ಮನೆಗಳಿಗೆ ಹೋಗಿ ಇದೇ ಆರೈಕೆ ಮಾಡುತ್ತೀರಾ ಅಂತ ರಾಥ್‌ಬೋನ್ ಆಕೆಯನ್ನು ಕೇಳಿದರು. ಒಂದೇ ತಿಂಗಳಿಗೆ ಆಕೆ ಅಳುತ್ತಾ ವಾಪಸ್ ಬಂದರು. ಆ ಮನೆಗಳಲ್ಲಿ ಕಂಡದ್ದನ್ನು ತಡೆದುಕೊಳ್ಳಲು ಆಗುವುದಿಲ್ಲ ಎಂದರು. ಹೇಗೋ ಒಪ್ಪಿಸಿ ಕಳಿಸಿದರು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಆಕೆಗೇ ಆ ಕೆಲಸ ಬಿಡುವ ಮನಸ್ಸಿರಲಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಈ ಕತೆ ತಪ್ಪದೇ ಹೇಳುತ್ತೇನೆ. ಮೊದಲ ತಿಂಗಳು ಅಳು ಬಂದರೆ ಗಾಬರಿ ಬೇಡ, ಮೊದಲನೆಯವರೂ ಅತ್ತಿದ್ದಾರೆ.

'ಪಬ್ಲಿಕ್ ಹೆಲ್ತ್ ನರ್ಸ್' ಎಂಬ ಹೆಸರು ಕೊಟ್ಟವರು ಲಿಲಿಯನ್ ವಾಲ್ಡ್. 1893ರಲ್ಲಿ ನ್ಯೂಯಾರ್ಕಿನಲ್ಲಿ ಅವರು ವಲಸೆ ಬಂದ ಹೆಂಗಸರಿಗೆ ಮನೆ ಶುಶ್ರೂಷೆಯ ಪಾಠ ಮಾಡುತ್ತಿದ್ದರು. ಒಂದು ಸಣ್ಣ ಹುಡುಗಿ ಬಂದು ತನ್ನ ಅಮ್ಮನನ್ನು ನೋಡಲು ಕರೆದಳು. ಪಾಠ ಅಲ್ಲೇ ಬಿಟ್ಟು ಮಳೆಯಲ್ಲಿ ಅವಳ ಹಿಂದೆ ಹೋದರು. ಎರಡು ಕೋಣೆಯ ಮನೆಯಲ್ಲಿ ಬಾಣಂತಿ ರಕ್ತದ ಹಾಸಿಗೆಯ ಮೇಲೆ ಬಿದ್ದಿದ್ದಳು. ವಾಲ್ಡ್ ಆಕೆಯ ಮೈ ತೊಳೆದರು, ಹಾಸಿಗೆ ಬದಲಿಸಿದರು, ನೆಲ ಉಜ್ಜಿದರು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಗಮನಿಸಿ, ಆಕೆ ಹೊರಟಿದ್ದು ಪಾಠದ ಕೋಣೆಯಿಂದ.

ಅದೇ ಊರಿನ ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. ಆಗೆಲ್ಲ ಬೇಸಿಗೆ ಬಂತೆಂದರೆ ಭೇದಿಯಿಂದ ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದವು. 1908ರಲ್ಲಿ ಸಾರಾ ಜೋಸೆಫೀನ್ ಬೇಕರ್ ಎಂಬ ವೈದ್ಯೆ ಒಂದು ಉಪಾಯ ಮಾಡಿದರು. ಶಾಲೆಗಳಿಗೆ ರಜೆ, ಶಾಲಾ ನರ್ಸ್‌ಗಳಿಗೆ ಕೆಲಸ ಇಲ್ಲ. ಜನನ ನೋಂದಣಿ ಕಚೇರಿಯಿಂದ ದಿನಾ ವಿಳಾಸ ತರಿಸಿಕೊಂಡು, ಮಗು ಹುಟ್ಟಿದ ಬೆನ್ನಿಗೇ ಆ ನರ್ಸ್‌ಗಳನ್ನು ಮನೆಗಳಿಗೆ ಕಳಿಸಿದರು. ಎದೆಹಾಲು ಕೊಡಿ, ಕಿಟಕಿ ತೆಗೆಯಿರಿ, ಸೆಕೆಯಲ್ಲಿ ಬಟ್ಟೆ ಸುತ್ತಬೇಡಿ, ಸ್ನಾನ ಮಾಡಿಸಿ. ಅಷ್ಟೇ. ಆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ವರ್ಷಕ್ಕಿಂತ 1,200 ಕೂಸುಗಳ ಸಾವು ಕಡಿಮೆಯಾಯಿತು. ಹೊಸ ಔಷಧ ಇಲ್ಲ, ಹೊಸ ಆಸ್ಪತ್ರೆ ಇಲ್ಲ. ಮಗು ಚೆನ್ನಾಗಿರುವಾಗಲೇ ಮನೆಗೆ ಹೋದರು. ಅಲ್ಲಿಯವರೆಗೆ ಎಲ್ಲರೂ ಕಾಯಿಲೆ ಬಿದ್ದ ಮೇಲೆ ಹೋಗುತ್ತಿದ್ದರು.

ಈಗ ಬಸಿರಿನ ವಿಷಯಕ್ಕೆ ಬರೋಣ. ಇಲ್ಲೊಂದು ತಮಾಷೆ ಇದೆ. ಮಗುವಿನ ಮಿದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ತಾನು ಬಸಿರಿ ಅಂತಲೇ ಗೊತ್ತಿರುವುದಿಲ್ಲ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಅಂದರೆ ಬಸಿರಾಗುವ ಮೊದಲೇ ಶುರು ಮಾಡಬೇಕು. ಹಾಗಾಗಿ ನಮ್ಮ ಕೆಲಸ ಒಂದು ಮಗುವಿನ ತಾಯಿಯ ಜೊತೆ ಎರಡನೆಯದರ ಯೋಚನೆ ಇದೆಯಾ ಅಂತ ಮಾತಾಡುವಾಗಲೇ ಶುರುವಾಗಿರುತ್ತದೆ.

ಬಸುರಿಯನ್ನು ಎಷ್ಟು ಸಲ ನೋಡಬೇಕು? ವಿಶ್ವ ಆರೋಗ್ಯ ಸಂಸ್ಥೆ ಮೊದಲು ಕನಿಷ್ಠ ನಾಲ್ಕು ಭೇಟಿ ಅನ್ನುತ್ತಿತ್ತು. 2016ರಲ್ಲಿ ಅದನ್ನು ಎಂಟು ಮಾಡಿತು. ಮೊದಲನೆಯದು 12 ವಾರದೊಳಗೆ, ಆಮೇಲೆ 20, 26, 30, 34, 36, 38, 40ನೇ ವಾರ. ಕೊನೆಯ ವಾರಗಳಲ್ಲಿ ಹೇಗೆ ಒತ್ತೊತ್ತಾಗಿ ಬಂದಿವೆ ನೋಡಿ. ನಾಲ್ಕೇ ಭೇಟಿಯ ಕಾಲದಲ್ಲಿ ಹೊಟ್ಟೆಯಲ್ಲೇ ಸಾಯುವ, ಹುಟ್ಟಿದ ಕೂಡಲೇ ಸಾಯುವ ಮಕ್ಕಳು ಜಾಸ್ತಿ ಇದ್ದರು. ಆ ಅನುಭವದಿಂದ ಬಂದ ಬದಲಾವಣೆ ಇದು. ಜೊತೆಗೆ ಒಂದು ಪದವನ್ನೂ ಬದಲಿಸಿದರು. ಈಗ 'ಭೇಟಿ' ಅನ್ನುವುದಿಲ್ಲ, 'ಸಂಪರ್ಕ' ಅನ್ನುತ್ತಾರೆ. ಸರ್ಕಾರಿ ಕಾಗದದ ಪದಗಳ ಮೇಲೆ ನನಗೆ ಅಂಥ ಪ್ರೀತಿ ಇಲ್ಲ, ಇದು ಮಾತ್ರ ಹಿಡಿಸಿತು. ಸಾಲಿನಲ್ಲಿ ನಿಲ್ಲಿಸಿ, ಕಾರ್ಡಿಗೆ ಸೀಲು ಒತ್ತಿ ಕಳಿಸಿದರೂ ಅದು ಭೇಟಿಯೇ ಅಲ್ವಾ? ಸಂಪರ್ಕ ಆಗಬೇಕಾದರೆ ಎರಡೂ ಕಡೆಯಿಂದ ಏನಾದರೂ ದಾಟಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಬಿಪಿ ನೋಡುವುದು. ಏನು ಮಹಾ, ಪಟ್ಟಿ ಕಟ್ಟು, ಗಾಳಿ ತುಂಬು, ನಂಬರ್ ಬರೆ. ಆದರೆ ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತಿದ್ದರೆ ಜಾಸ್ತಿ. ಮೂತ್ರ ಕಟ್ಟಿಕೊಂಡಿದ್ದರೆ ಜಾಸ್ತಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಜಾಸ್ತಿ. ನೋಡುವಾಗ ಮಾತಾಡುತ್ತಿದ್ದರೂ ಜಾಸ್ತಿ. ಅದಕ್ಕೇ ಐದು ನಿಮಿಷ ಕೂರಿಸಬೇಕು. ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ.

ಈ ಐದು ನಿಮಿಷ ಇದೆಯಲ್ಲ, ಅದು ನನ್ನ ಪಾಲಿಗೆ ಬಂಗಾರ. ಒಬ್ಬಳು ಹಾಗೇ ಕೂತಿದ್ದಳು, 33 ವಾರ. ನಾನು ಸುಮ್ನೆ ಅವಳ ಕೈ ನೋಡುತ್ತಿದ್ದೆ. ಉಂಗುರದ ಬೆರಳಿನಲ್ಲಿ ಉಂಗುರ ಇದ್ದ ಬಿಳಿ ಗುರುತು, ಉಂಗುರ ಕಿರುಬೆರಳಿನಲ್ಲಿ. "ಯಾವಾಗ ಬದಲಾಯಿಸಿದ್ರಿ?" ಅಂದೆ. "ಮೊನ್ನೆಯಿಂದ ಹೋಗ್ತಾನೇ ಇಲ್ಲ" ಅಂದಳು. ಎರಡು ದಿನದ ಹಿಂದಿನವರೆಗೆ ಸರಿಯಾಗಿದ್ದ ಉಂಗುರ. ಆಮೇಲೆ ನಿಧಾನವಾಗಿ ಹೇಳಿದಳು, ತಲೆನೋವು ಬಿಡುತ್ತಿಲ್ಲ, ಕಣ್ಣ ಮುಂದೆ ಮಿಣಮಿಣ ಅನ್ನುತ್ತೆ, ನಿದ್ದೆ ಇಲ್ಲದ್ದಕ್ಕೆ ಇರಬೇಕು. ಬಿಪಿ 150/100 ಇತ್ತು. ಮತ್ತೆ ನೋಡಿದೆ, ಅಷ್ಟೇ. ಮೂತ್ರದಲ್ಲಿ ಪ್ರೋಟೀನ್. ಆ ಸಂಜೆಯೇ ಆಸ್ಪತ್ರೆ ಸೇರಿದಳು.

ಇದಕ್ಕೆ ಪ್ರೀ-ಎಕ್ಲಾಂಪ್ಸಿಯಾ ಅನ್ನುತ್ತಾರೆ. 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋದರೆ ಎಚ್ಚರ. ಪಾದ ಊದುವುದು ಎಷ್ಟೋ ಬಸುರಿಯರಿಗೆ ಸಾಮಾನ್ಯ. ಮುಖ, ಕೈ ದಿಢೀರ್ ಊದಿದರೆ, ಬಲಪಕ್ಕೆಯ ಕೆಳಗೆ ನೋವು ಬಂದರೆ, ಬಿಡದ ತಲೆನೋವು ಇದ್ದರೆ ಅದು ಬೇರೆ. ಇದು ಮುಂದುವರಿದು ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಹೋಗಬಹುದು. ಮೆಗ್ನೀಸಿಯಂ ಸಲ್ಫೇಟ್ ಎಂಬ ಹಳೆಯ, ಅಗ್ಗದ ಔಷಧ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕೂ ಕಡಿಮೆ ಮಾಡುತ್ತದೆ. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲಿ ಇದನ್ನು ತೋರಿಸಿತು. ಆದರೆ ಔಷಧ ಆಸ್ಪತ್ರೆಯಲ್ಲಿದೆ, ಉಂಗುರ ಮನೆಯಲ್ಲಿದೆ.

ಮಗುವಿನ ಒದೆತದ ಬಗ್ಗೆ ಎಲ್ಲರೂ ಕೇಳುತ್ತಾರೆ, ದಿನಕ್ಕೆ ಎಷ್ಟು ಸಲ ಒದೆಯಬೇಕು ಅಂತ. ಎಲ್ಲರಿಗೂ ಹೊಂದುವ ಒಂದು ಲೆಕ್ಕ ಇಲ್ಲ. ನಿಮ್ಮ ಮಗುವಿಗೆ ಅದರದ್ದೇ ಒಂದು ರೂಢಿ ಇರುತ್ತದೆ. ಅದು ಕಡಿಮೆಯಾಯಿತು ಅನ್ನಿಸಿದರೆ ನಾಳೆವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಹೆರಿಗೆಯ ಹೊತ್ತಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಸೂಲಗಿತ್ತಿ ನರ್ಸ್, ವೈದ್ಯರು ಇರುತ್ತಾರೆ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯುವುದು, ಒರೆಸಿ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವ ಹಾಗೆ ಹಾಕುವುದು, ಒಂದು ಗಂಟೆಯೊಳಗೆ ಎದೆಹಾಲು, ಸ್ನಾನ 24 ಗಂಟೆ ಕಳೆದ ಮೇಲೆ. ಕೂಸಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ತಾಯಿಯ ಎದೆಗಿಂತ ಒಳ್ಳೆಯ ಹೀಟರ್ ಇನ್ನೂ ಯಾರೂ ಮಾಡಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಸಣ್ಣ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಆಗ ಅದನ್ನು ಬಡವರ ಚಿಕಿತ್ಸೆ ಅಂದುಕೊಂಡವರು ಬಹಳ. 2021ರಲ್ಲಿ ಐದು ಆಸ್ಪತ್ರೆಗಳ ದೊಡ್ಡ ಅಧ್ಯಯನ ಬಂತು. ಸಣ್ಣ ಕೂಸುಗಳನ್ನು ಹುಟ್ಟಿದ ಕೂಡಲೇ ಹೀಗೆ ಇಟ್ಟರೆ 28 ದಿನದೊಳಗಿನ ಸಾವು ಶೇಕಡಾ 15.7ರಿಂದ 12ಕ್ಕೆ ಇಳಿಯುತ್ತದೆ ಅಂತ ಗೊತ್ತಾಯಿತು.

ಇನ್ನು ನನಗೆ ಅತಿ ಹತ್ತಿರದ ವಿಷಯ, ಮೊದಲ ವಾರ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಕ್ಕಳು ಹುಟ್ಟಿದ ಒಂದು ತಿಂಗಳೊಳಗೆ ತೀರಿಕೊಂಡವು. ಹೀಗೆ ಹೋಗುವ ಕೂಸುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ. ಅದೇ ವಾರ ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬರುವುದು. ಅಲ್ಲಿಯವರೆಗೆ ಗಂಟೆಗೊಮ್ಮೆ ಯಾರೋ ಬಂದು ನೋಡುತ್ತಿದ್ದರು, ಮನೆ ಬಾಗಿಲು ಹಾಕಿಕೊಂಡ ಕೂಡಲೇ ಯಾರೂ ಇಲ್ಲ. ಆರು ವಾರಕ್ಕೆ ಬನ್ನಿ ಅಂತ ಚೀಟಿ ಬರೆದುಕೊಡುವ ಪದ್ಧತಿ ಎಷ್ಟೋ ಕಡೆ ಇತ್ತು, ಇನ್ನೂ ಇದೆ. ಆರನೇ ವಾರಕ್ಕೆ ಬಂದ ಮಗು ಅಪಾಯ ದಾಟಿಕೊಂಡೇ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೀಗೆ: ಹೆರಿಗೆಯಾದ ಮೇಲೆ ಕನಿಷ್ಠ 24 ಗಂಟೆ ಆಸ್ಪತ್ರೆಯ ಆರೈಕೆ. ಆಮೇಲೆ 48ರಿಂದ 72 ಗಂಟೆಯೊಳಗೆ ಒಂದು ಸಲ, 7ರಿಂದ 14 ದಿನದ ನಡುವೆ ಒಂದು ಸಲ, ಆರನೇ ವಾರಕ್ಕೆ ಒಂದು ಸಲ. ಆ 72 ಗಂಟೆಯದನ್ನು ಮಾತ್ರ ತಪ್ಪಿಸಬೇಡಿ ಅಂತ ನಾನು ಜಗಳ ಆಡಿಯಾದರೂ ಹೇಳುತ್ತೇನೆ.

ಆ ಭೇಟಿಯಲ್ಲಿ ನಾನೇನು ನೋಡುತ್ತೇನೆ? ಮೊದಲು, ಮಗು ಹಾಲು ಕುಡಿಯುವುದನ್ನು. ಪೂರ್ತಿ ಒಂದು ಸಲ. ಬಾಯಿ ದೊಡ್ಡದಾಗಿ ತೆರೆದಿದೆಯಾ? ಗದ್ದ ಎದೆಗೆ ತಾಗಿದೆಯಾ? ಕೆಳತುಟಿ ಹೊರಕ್ಕೆ ಮಡಚಿದೆಯಾ? ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣಬೇಕು. ಕೆನ್ನೆ ಗುಂಡಗಿರಬೇಕು, ಒಳಕ್ಕೆ ಹೋಗಬಾರದು. ಮೊದಮೊದಲು ಬೇಗ ಬೇಗ ಚೀಪುತ್ತದೆ. ಹಾಲು ಇಳಿದ ಮೇಲೆ ಲಯ ನಿಧಾನ ಆಗುತ್ತದೆ, ಚೀಪು, ನುಂಗು, ಉಸಿರು. ನುಂಗುವ ಸದ್ದು ತುಂಬಾ ಸಣ್ಣದು, ಕೋಣೆ ಸ್ತಬ್ಧವಾಗಿದ್ದರೆ ಮಾತ್ರ ಕೇಳುತ್ತದೆ. ನಾನು ಮಾತಾಡುತ್ತಾ ಕೂತಿದ್ದರೆ ಕೇಳುವುದೇ ಇಲ್ಲ. ಶುರುವಿನಲ್ಲಿ ಬಿಗಿ ಮುಷ್ಟಿ ಹಿಡಿದ ಕೈ, ಹೊಟ್ಟೆ ತುಂಬಿದ ಹಾಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗು ಬಾಯಿ ಬಿಟ್ಟಾಗ ತೊಟ್ಟು ಓರೆಯಾಗಿ ಚಪ್ಪಟೆ ಆಗಿದ್ದರೆ ಅದು ಸರಿಯಾಗಿ ಹಿಡಿದಿಲ್ಲ. ತಾಯಿಗೆ ಪ್ರತಿ ಸಲವೂ ನೋವಾಗುತ್ತಿರುತ್ತದೆ, ಆಕೆ "ಎಲ್ಲರಿಗೂ ಹೀಗೇ ಇರಬೇಕು" ಅಂತ ಹಲ್ಲು ಕಚ್ಚಿ ಸಹಿಸುತ್ತಿರುತ್ತಾಳೆ.

"ಹಾಲೇ ಇಲ್ಲ" ಎಂಬುದು ಮೊದಲ ಎರಡು ದಿನದ ದೊಡ್ಡ ದೂರು. ಮೊದಲ ದಿನ ಒಂದು ಸಲಕ್ಕೆ ಬರುವುದು ಒಂದೆರಡು ಟೀ ಚಮಚ ಗಿಣ್ಣುಹಾಲು ಅಷ್ಟೇ. ಸಾಕಾಗುತ್ತದೆ. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಶೇಕಡಾ 10 ದಾಟಿದರೆ ಅದು ಸಹಜ ಅಲ್ಲ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಐದನೇ ದಿನದ ಹೊತ್ತಿಗೆ ಕಪ್ಪು ಮಲ ಹೋಗಿ ಹಳದಿ ಬರಬೇಕು, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಇಷ್ಟು ಎಣಿಸಿದರೆ ಹಾಲು ಸಾಲುತ್ತಿದೆಯೋ ಇಲ್ಲವೋ ಅಂತ ಯಾರ ಮಾತನ್ನೂ ಕೇಳಬೇಕಾಗಿಲ್ಲ. ನನ್ನ ಮಾತನ್ನೂ.

ಆಮೇಲೆ ಉಸಿರು. ಬಟ್ಟೆ ಸರಿಸಿ ಹೊಟ್ಟೆ ಎದೆ ಕಾಣುವ ಹಾಗೆ ಮಾಡಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಕಳ್ಳದಾರಿ ಇಲ್ಲಿ ನಡೆಯುವುದಿಲ್ಲ. ಕೂಸು ಒಂದೇ ಸಮ ಉಸಿರಾಡುವುದಿಲ್ಲ. ಪಟಪಟ ಅಂತ ನಾಲ್ಕು ಉಸಿರು, ಆಮೇಲೆ ಐದಾರು ಸೆಕೆಂಡ್ ಸುಮ್ಮನೆ, ಮತ್ತೆ ಶುರು. ಆ ಸುಮ್ಮನಿರುವ ಐದು ಸೆಕೆಂಡ್ ನೋಡಿ ಎಷ್ಟು ಅಪ್ಪಂದಿರ ಎದೆ ಹಾರಿದೆಯೋ! ನಿಮಿಷಕ್ಕೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಬೇಕು. ಮತ್ತೂ ಅಷ್ಟೇ ಬಂದರೆ ಆಸ್ಪತ್ರೆ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಜೋರಾಗಿ ಒಳಗೆ ಹೋಗುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ.

ಹಳದಿ ನೋಡಲು ಮಗುವನ್ನು ಕಿಟಕಿ ಹತ್ತಿರ ತರಬೇಕು. ಹಗಲ ಬೆಳಕು ಬೇಕು, ಬಲ್ಬಿನ ಬೆಳಕು ಮೋಸ ಮಾಡುತ್ತದೆ. ಕಪ್ಪು ಮೈಬಣ್ಣದ ಮಗುವಾದರೆ ಕಣ್ಣಿನ ಬಿಳಿ, ವಸಡು, ಅಂಗೈ, ಅಂಗಾಲು ನೋಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಯಾವತ್ತೇ ಆಗಲಿ ಅಂಗೈ ಅಂಗಾಲು ಹಳದಿಯಾದರೆ, ತಕ್ಷಣ ಹೊರಡಬೇಕು. ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ತಾನಾಗಿ ಕೈಕಾಲು ಆಡಿಸದಿದ್ದರೆ, ಮೈ ಸುಟ್ಟರೆ, ತಣ್ಣಗಾದರೆ ಕೂಡ. ದೊಡ್ಡವರಿಗೆ ಸೋಂಕು ಬಂದರೆ ಜ್ವರ ಬರುತ್ತದೆ. ಕೂಸಿಗೆ ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಇದು ಮನೆಯವರಿಗೆ ಗೊತ್ತಿರುವುದಿಲ್ಲ, ತಣ್ಣಗಿದೆ ಅಂದರೆ ಆರಾಮಾಗಿದೆ ಅಂದುಕೊಳ್ಳುತ್ತಾರೆ. "ಸಾಧು ಮಗು" ಎಂಬ ಮಾತು ಕೇಳಿದರೆ ಇವತ್ತಿಗೂ ನನ್ನ ಕಿವಿ ನೆಟ್ಟಗಾಗುತ್ತದೆ.

ಮಲಗಿಸುವುದು ಬೆನ್ನ ಮೇಲೆ, ಅಂಗಾತ. ಉಸಿರು ಕಟ್ಟುತ್ತದೆ ಅಂತ ಹಿರಿಯರು ಹೆದರುತ್ತಾರೆ. 1990ರ ದಶಕದ ಶುರುವಿನಲ್ಲಿ ನ್ಯೂಜಿಲೆಂಡ್, ಬ್ರಿಟನ್, ಅಮೆರಿಕದಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದರು. ನಿದ್ದೆಯಲ್ಲೇ ಕಾರಣ ತಿಳಿಯದೆ ಹೋಗುವ ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಇಷ್ಟು ಹೊತ್ತು ಮಗುವಿನ ಬಗ್ಗೆಯೇ ಮಾತಾಡಿದೆ, ಗಮನಿಸಿದಿರಾ? ಮನೆಗಳಲ್ಲೂ ಹೀಗೇ ಆಗುತ್ತದೆ. ಬಂದವರೆಲ್ಲ ತೊಟ್ಟಿಲಿಗೆ ಬಗ್ಗುತ್ತಾರೆ. ಮಂಚದ ಕಡೆ ಯಾರೂ ನೋಡುವುದಿಲ್ಲ. ಹೆರಿಗೆ ಮುಗಿಯಿತು, ಇನ್ನೇನು ಭಯ ಅನ್ನುತ್ತಾರೆ. ಆದರೆ ಬಿಪಿಯ ಆ ಕಾಯಿಲೆ ಹೆರಿಗೆ ಆಗಿ ಆರು ವಾರದವರೆಗೂ ಬರಬಹುದು. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ, ಅದು "ಹೆರಿಗೆ ಆದ ಮೇಲೆ ಹೋಗೋದೇ ಅಲ್ವಾ" ಅನ್ನುವ ರಕ್ತ ಅಲ್ಲ. ಜ್ವರ, ವಾಸನೆಯ ಸ್ರಾವ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವಕ್ಕೂ ಕಾಯಬಾರದು.

ಇನ್ನು ಮನಸ್ಸು. ಮೂರನೇ ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ತುಂಬಾ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಅದು ಖಿನ್ನತೆ ಇರಬಹುದು. 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಎಂಬ ಮೂವರು ಇದಕ್ಕೆ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಎಡಿನ್‌ಬರೋ ಪಟ್ಟಿ ಅಂತ ಅದರ ಹೆಸರು. ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತದೆ. ಹತ್ತನೆಯ ಪ್ರಶ್ನೆ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಎಂಬುದು. ನಮ್ಮವರು ಅದನ್ನು ಹಾರಿಸಿಬಿಡುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ. ಹಾಗೆ ಆಗುವುದಿಲ್ಲ. ನೇರವಾಗಿ ಕೇಳಿ. ಕೇಳಿದಾಗ ಅಳದವರು ಕಡಿಮೆ, ಬೈದವರು ನನಗೆ ಇನ್ನೂ ಸಿಕ್ಕಿಲ್ಲ.

ಅದೇ ಹೋಲ್ಡನ್ ಮತ್ತು ಜೊತೆಗಾರರು 1989ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಖಿನ್ನತೆ ಇದ್ದ ತಾಯಂದಿರ ಮನೆಗೆ ನರ್ಸ್‌ಗಳು ಎಂಟು ವಾರ, ವಾರಕ್ಕೊಮ್ಮೆ, ಅರ್ಧ ಗಂಟೆಯಾದರೂ ಹೋದರು. ಸಲಹೆ ಕೊಡಲಿಕ್ಕೆ ಹೋಗಿದ್ದಲ್ಲ, ಕೇಳಿಸಿಕೊಳ್ಳಲಿಕ್ಕೆ. ಆ 26 ಜನರಲ್ಲಿ 18 ಜನ ಪೂರ್ತಿ ಗುಣವಾದರು. ಮಾಮೂಲಿ ಆರೈಕೆ ಸಿಕ್ಕ 24 ಜನರಲ್ಲಿ 9 ಜನ. ಸಣ್ಣ ಅಧ್ಯಯನವೇ, ಒಪ್ಪುತ್ತೇನೆ. ಆದರೂ ನನ್ನ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಾಗಾದರೆ ನರ್ಸ್ ಮನೆಗೆ ಹೋದರೆ ಸಾಕು, ಎಲ್ಲ ಸರಿಹೋಗುತ್ತದಾ? ಇಲ್ಲ. ಅಮೆರಿಕದ ಎಲ್ಮೈರಾದಲ್ಲಿ 1970ರ ದಶಕದ ಕೊನೆಯಲ್ಲಿ ಡೇವಿಡ್ ಓಲ್ಡ್ಸ್ ಎಂಬುವರು 400 ಬಸುರಿಯರ ಮೇಲೆ ಅಧ್ಯಯನ ಶುರು ಮಾಡಿದರು. ಕೆಲವರ ಮನೆಗೆ ಬಸಿರಿನಿಂದ ಹಿಡಿದು ಮಗುವಿಗೆ ಎರಡು ವರ್ಷ ಆಗುವವರೆಗೆ ನರ್ಸ್ ಹೋಗುತ್ತಿದ್ದರು. 15 ವರ್ಷದ ನಂತರ ನೋಡಿದರೆ ಆ ಮನೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯದ ದೂರುಗಳು ಸುಮಾರು ಅರ್ಧದಷ್ಟೇ ಇದ್ದವು. ಅದೇ ಕಾರ್ಯಕ್ರಮವನ್ನು ಇಂಗ್ಲೆಂಡಿಗೆ ತಂದು 1,600ಕ್ಕೂ ಹೆಚ್ಚು ಹದಿಹರೆಯದ ತಾಯಂದಿರಲ್ಲಿ ಪರೀಕ್ಷಿಸಿದರು. ಮಗುವಿನ ತೂಕ, ತಾಯಿಯ ಸಿಗರೇಟು, ಎರಡು ವರ್ಷದೊಳಗಿನ ಮರುಬಸಿರು, ಮಗುವಿನ ಆಸ್ಪತ್ರೆ ಓಡಾಟ, ಈ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಎಲ್ಲ ಮನೆಗೂ ಮೊದಲೇ ಸೂಲಗಿತ್ತಿ, ಹೆಲ್ತ್ ವಿಸಿಟರ್ ಎಂಬ ಮನೆಭೇಟಿಯ ನರ್ಸ್ ಹೋಗುತ್ತಿದ್ದರು. ಇನ್ನೊಂದು ತುದಿಯಲ್ಲಿ ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ನರ್ಸೇ ಅಲ್ಲದ ಹಳ್ಳಿ ಹೆಂಗಸರಿಗೆ ತರಬೇತಿ ಕೊಟ್ಟು ಹೊಸ ಕೂಸುಗಳ ಮನೆಗೆ ಕಳಿಸಿದರು. 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮೂರನೇ ವರ್ಷಕ್ಕೆ ಹಸುಗೂಸುಗಳ ಸಾವಿನ ಪ್ರಮಾಣ ಹೋಲಿಕೆಯ ಹಳ್ಳಿಗಳಿಗಿಂತ ಶೇಕಡಾ 62ರಷ್ಟು ತಗ್ಗಿತು.

ನನಗೆ ಇದರಿಂದ ಅನ್ನಿಸುವುದು ಇಷ್ಟು. ಯಾರೂ ನೋಡದ ಮನೆಗೆ ನೋಡಲು ಗೊತ್ತಿರುವ ಒಬ್ಬರು ಸರಿಯಾದ ದಿನ ಹೋದರೆ ಜೀವ ಉಳಿಯುತ್ತದೆ. ಆಗಲೇ ನಾಲ್ಕು ಜನ ಸಲಹೆ ಕೊಡುತ್ತಿರುವ ಮನೆಗೆ ಐದನೆಯವಳಾಗಿ ಹೋದರೆ ಅಂಥ ಲಾಭ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. 34ನೇ ವಾರಕ್ಕೆ ಹೋದಾಗ ಮನೆಯವರೆಲ್ಲ ಇರುವಾಗ ಕೇಳುತ್ತೇನೆ: "ರಾತ್ರಿ ಎರಡು ಗಂಟೆಗೆ ರಕ್ತ ಹೋಗಲು ಶುರುವಾದರೆ ಮೊದಲು ಯಾರನ್ನು ಎಬ್ಬಿಸುತ್ತೀರಿ?" ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಹೆಸರು ಹೇಳುತ್ತಾರೆ. 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ತಾಯಂದಿರ ಸಾವಿಗೆ ಮೂರು ತಡಗಳನ್ನು ಗುರುತಿಸಿದರು. ಹೋಗಬೇಕು ಅಂತ ತೀರ್ಮಾನಿಸುವುದರಲ್ಲಿ ತಡ, ಆಸ್ಪತ್ರೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ರಸ್ತೆ ನಾನು ಹಾಕಲಾರೆ, ರಕ್ತನಿಧಿ ನನ್ನ ಕೈಯಲ್ಲಿಲ್ಲ. ಆದರೆ ಆ ಮೊದಲ ತಡ ಮನೆಯೊಳಗೆ ಆಗುವಂಥದ್ದು. ಗಾಡಿ ಯಾರದ್ದು, ದುಡ್ಡು ಎಲ್ಲಿದೆ, ದೊಡ್ಡ ಮಗು ಯಾರ ಹತ್ತಿರ ಮಲಗುತ್ತದೆ, ಹೊರಡು ಅನ್ನುವವರು ಯಾರು. ಇದನ್ನು ಹಗಲಲ್ಲೇ ಮಾತಾಡಿ ಗೋಡೆ ಮೇಲೆ ಬರೆಸಿಬಿಡುತ್ತೇನೆ.

(ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಹೆಚ್ಚಿನವು ಲಸಿಕೆಯ ತಾರೀಕಿನ ಬಗ್ಗೆ. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು, "ಬಾಗಿಲೇ ತೆಗೆಯದಿದ್ದರೆ ಏನು ಮಾಡುತ್ತೀರಿ ಮೇಡಂ?" ಅಂತ ಕೇಳಿದಳು.)

ಮತ್ತೆ ಹೋಗುತ್ತೇನೆ. ಒಂದು ಮನೆಗೆ ಎರಡು ಸಲ ಹೋಗಿ ವಾಪಸ್ ಬಂದಿದ್ದೆ. ಒಳಗೆ ಮಗು ಅಳುವುದು ಕೇಳುತ್ತಿತ್ತು, ಬಾಗಿಲು ತೆಗೆಯಲಿಲ್ಲ. ನನಗಿಂತ ಮೊದಲು ಯಾರೋ ಬಂದು, ಮಗುವಿಗೆ ಬಾಟಲಿ ಕೊಟ್ಟಿದ್ದಕ್ಕೆ ಚೆನ್ನಾಗಿ ಬೈದು ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ಬಾಗಿಲ ಸಂದಿಯಲ್ಲಿ ಚೀಟಿ ಇಟ್ಟು ಬಂದೆ, ಗುರುವಾರ ಹನ್ನೊಂದಕ್ಕೆ ಬರುತ್ತೇನೆ, ತೂಕ ನೋಡಿ ಹೋಗುತ್ತೇನೆ ಅಷ್ಟೇ ಅಂತ. ಗುರುವಾರ ಬಾಗಿಲು ಒಂದು ಗೇಣು ತೆರೆಯಿತು. ಕೂದಲು ಕೆದರಿತ್ತು, ಹೆಗಲ ಮೇಲೆ ಹಾಲು ಕಕ್ಕಿದ ಕಲೆ. ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಅಂದಳು: "ಈಗಷ್ಟೇ ಮಲಗಿದೆ. ಬೇಕಾದ್ರೆ ಒಳಗೆ ಬನ್ನಿ, ಮಾತಾಡಬೇಡಿ."

ಒಳಗೆ ಹೋಗಿ ಕೂತೆ.